ಉದ್ದ ಕೂದಲಿನ ನಾಯಿಯ ಮೈಗೆ ಹಿಮದ ಉಂಡೆ ಕಟ್ಟದಂತೆ ಏನು ಮಾಡಬೇಕು?

ನಿಮ್ಮ ಗೋಲ್ಡನ್ ರಿಟ್ರೀವರ್ ಹಿಮದಲ್ಲಿ ಅರ್ಧ ಗಂಟೆ ಆಡಿ ಬಂದರೆ ಹೊಟ್ಟೆ, ಕಾಲಿಗೆಲ್ಲ ನಿಂಬೆಹಣ್ಣಿನ ಗಾತ್ರದ ಉಂಡೆಗಳು ಜೋತುಬಿದ್ದಿರುತ್ತವೆ, ಕೀಳಹೋದರೆ ಗುರ್ ಅನ್ನುತ್ತದೆ ಎಂದಿದ್ದೀರಿ. ಗುರ್ ಅನ್ನದೆ ಇನ್ನೇನು ಮಾಡೀತು, ಕೂದಲು ಬುಡಸಮೇತ ಕಿತ್ತುಬರುತ್ತಿರುತ್ತದೆ. ಕೀಳುವುದನ್ನು ಇವತ್ತೇ ಬಿಟ್ಟುಬಿಡಿ.

ಹಿಮ ಕೂದಲಿಗಿಂತ ಹಿಮಕ್ಕೇ ಚೆನ್ನಾಗಿ ಅಂಟುತ್ತದೆ. ತೊಂದರೆ ಶುರುವಾಗುವುದು ಮೊದಲ ಕಣದಿಂದ. ಅದು ಮೆತ್ತನೆಯ ಕೂದಲಲ್ಲಿ ಸಿಲುಕುತ್ತದೆ, ಮೈಶಾಖಕ್ಕೆ ಅಂಚು ಕರಗುತ್ತದೆ, ಚಳಿಗೆ ಮತ್ತೆ ಹೆಪ್ಪುಗಟ್ಟಿ ನಾಲ್ಕಾರು ಎಳೆಗಳನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಹೆಜ್ಜೆಹೆಜ್ಜೆಗೂ ಅದರ ಮೇಲೊಂದು ಪದರ. ಆದ್ದರಿಂದ ಆ ಮೊದಲ ಕಣಕ್ಕೆ ಹಿಡಿತ ಸಿಗದಂತೆ ನೋಡಿಕೊಳ್ಳಬೇಕು. ಹೊರಡುವ ಮುನ್ನ ಒಂದು ಹಿಡಿ ಹಿಮ ಒತ್ತಿ ನೋಡಿ. ಕೈಯಲ್ಲಿ ಉಂಡೆಯಾದರೆ ನಾಯಿಯ ಮೈಮೇಲೂ ಆಗುತ್ತದೆ. ಸೊನ್ನೆ ಡಿಗ್ರಿಯ ಆಸುಪಾಸಿನ ಒದ್ದೆ ಹಿಮವೇ ಅತಿ ಕೆಟ್ಟದ್ದು. ಮೈನಸ್ 10ಕ್ಕಿಂತ ಕೆಳಗೆ ಹಿಟ್ಟಿನಂತೆ ಉದುರುವ ಹಿಮ ಅಷ್ಟಾಗಿ ಕಾಡುವುದಿಲ್ಲ.

ಮೊದಲು ಬಾಚಣಿಗೆ. ಕಂಕುಳು, ತೊಡೆಯ ಸಂದು, ಕಿವಿಯ ಹಿಂದೆ, ಕಾಲಿನ ಹಿಂಬದಿಯ ಜಾಲರಿನಂಥ ಕೂದಲು, ಇಷ್ಟನ್ನು ಲೋಹದ ಬಾಚಣಿಗೆ ಚರ್ಮದವರೆಗೂ ತಡೆಯಿಲ್ಲದೆ ಇಳಿಯುವಂತೆ ಬಾಚಿ. ಬ್ರಷ್ ಮೇಲ್ಮೇಲೆ ಜಾರಿಹೋಗುತ್ತದೆ, ಒಳಗಿನ ಸಿಕ್ಕು ಹಾಗೇ ಉಳಿಯುತ್ತದೆ. ಹಿಮ ಮೊದಲು ಹಿಡಿಯುವುದೇ ಆ ಸಿಕ್ಕನ್ನು.

ಬೆರಳ ಸಂದಿನ ಕೂದಲನ್ನು ಮೊಂಡು ತುದಿಯ ಕತ್ತರಿಯಿಂದ ಪಾದದ ಮೆತ್ತೆಗಳ ಮಟ್ಟಕ್ಕೆ ಕತ್ತರಿಸಿ. ಮೆತ್ತೆಗಳ ನಡುವೆ ಆಳಕ್ಕೆ ತೋಡಬೇಡಿ, ಅಲ್ಲಿನ ಚರ್ಮ ತೆಳು. ಹೊಟ್ಟೆ, ಕಾಲುಗಳ ಜೋಲು ಕೂದಲನ್ನು ಎರಡು ಮೂರು ಸೆಂಟಿಮೀಟರ್ ಕಡಿಮೆ ಮಾಡಿದರೆ ಸಾಕು. ಪೂರ್ತಿ ಬೋಳಿಸಿದರೆ ಚಳಿ ತಡೆಯುವ ಒಳಪದರವೇ ಹೋಗುತ್ತದೆ.

ಪಾದಕ್ಕೆ ಜೇನುಮೇಣ ಇರುವ, ನಾಯಿಗಳಿಗೆಂದೇ ಮಾಡಿದ ಮೇಣ ಬಳಸಿ. ಒಂದೊಂದು ಪಾದಕ್ಕೆ ಕಡಲೆಕಾಳಿನಷ್ಟು ತೆಗೆದುಕೊಂಡು ಅಂಗೈಯಲ್ಲಿ ಮೆತ್ತಗೆ ಮಾಡಿ, ಮೆತ್ತೆಗಳಿಗಿಂತ ಹೆಚ್ಚಾಗಿ ಬೆರಳ ಸಂದಿಗೆ ತಿಕ್ಕಿ. ಹೊರಡುವ ಹತ್ತು ನಿಮಿಷ ಮೊದಲು ಹಚ್ಚಿದರೆ ಕೂರುತ್ತದೆ. ಕೊಬ್ಬರಿ ಎಣ್ಣೆಯನ್ನು ಹಲವರು ಹೊಗಳುತ್ತಾರೆ. ಅದು ಸುಮಾರು 24 ಡಿಗ್ರಿಗೇ ಕರಗುವುದರಿಂದ ಮೈಶಾಖಕ್ಕೆ ನಿಲ್ಲುವುದಿಲ್ಲ, ನಾಯಿ ನೆಕ್ಕಿ ಮುಗಿಸುತ್ತದೆ. ಬೇರೇನೂ ಇಲ್ಲದ ದಿನಕ್ಕೆ ಪರವಾಗಿಲ್ಲ. ಹೊಟ್ಟೆ ಮತ್ತು ಕಾಲಿನ ಕೂದಲಿಗೆ ನಾಯಿಗಳಿಗೆ ಮಾರುವ, ಸಿಲಿಕೋನ್ ಇರುವ ಸಿಕ್ಕು ಬಿಡಿಸುವ ಸ್ಪ್ರೇ ಮೇಲು. ಕೈಗೆ ಹಾಕಿಕೊಂಡು ಎಳೆಎಳೆಗೂ ಸವರಿ, ಒಣಗಿದ ಮೇಲೆ ಹೊರಗೆ ಬಿಡಿ. ಬೂಟು, ಕಾರಿಗೆ ಬಳಸುವ ಸಿಲಿಕೋನ್ ಬೇಡವೇ ಬೇಡ. ಟೀ ಟ್ರೀ ಎಣ್ಣೆ ನಾಯಿಗಳಿಗೆ ವಿಷ, ಬೆರೆತಿದೆಯೇ ಎಂದು ಡಬ್ಬಿಯ ಮೇಲೆ ಓದಿ ನೋಡಿ.

ಇಷ್ಟೆಲ್ಲ ಮಾಡಿದರೂ ಒದ್ದೆ ಹಿಮದಲ್ಲಿ ಗಂಟೆಗಟ್ಟಲೆ ಓಡಿದರೆ ಉಂಡೆ ಕಟ್ಟಿಯೇ ಕಟ್ಟುತ್ತದೆ. ಅಂಥ ದಿನಕ್ಕೆ ನನ್ನ ಮತ ಬಟ್ಟೆಗೆ: ಹೊಟ್ಟೆಯನ್ನೂ ನಾಲ್ಕು ಕಾಲನ್ನೂ ಮುಚ್ಚುವ, ನುಣುಪಾದ ನೈಲಾನ್ ಸೂಟ್. ಉಣ್ಣೆ, ಫ್ಲೀಸ್‌ನಂಥ ಜೂಲುಬಟ್ಟೆ ಹೊರಗಿದ್ದರೆ ಉಂಡೆಗಳು ಬಟ್ಟೆಗೇ ಕಟ್ಟುತ್ತವೆ. ಕಂಕುಳಲ್ಲಿ ಉಜ್ಜುತ್ತಿದೆಯೇ ಎಂದು ಮೊದಲ ದಿನವೇ ನೋಡಿ. ಬೂಟಿ, ಅಂದರೆ ನಾಯಿಯ ಪಾದಕ್ಕೆ ತೊಡಿಸುವ ಪುಟ್ಟ ಬೂಟು, ಹಾಕಿದರೆ ಪಾದ ಪಾರಾಗುತ್ತದೆ, ಆದರೆ ಬೂಟಿಯ ಬಾಯಿಯ ಮೇಲಿನ ಕೂದಲಲ್ಲಿ ಉಂಡೆ ಸಾಲುಗಟ್ಟುತ್ತದೆ. ಸೂಟಿನ ಕಾಲು ಬೂಟಿಯ ಮೇಲೆ ಇಳಿಯುವಂತಿರಲಿ. ಬೂಟಿಯ ಪಟ್ಟಿಯೊಳಗೆ ಒಂದು ಬೆರಳು ತೂರಬೇಕು, ಬಿಗಿಯಾದರೆ ರಕ್ತ ಹರಿಯದೆ ಪಾದ ಇನ್ನಷ್ಟು ತಣ್ಣಗಾಗುತ್ತದೆ.

ನಡೆಯುವಾಗ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಬೆರಳ ಸಂದಿ ಮುಟ್ಟಿ ನೋಡಿ. ನಾಯಿ ಕುಂಟಿದರೆ, ಕೂತು ಪಾದ ಕಡಿಯತೊಡಗಿದರೆ ಒಳಗೆ ಮಂಜುಗಡ್ಡೆ ಕಟ್ಟಿದೆ ಅಂತಲೇ ಲೆಕ್ಕ. ಬಟಾಣಿಯಷ್ಟಿದ್ದಾಗಲೇ ಬೆರಳಲ್ಲಿ ಹಿಸುಕಿ ಪುಡಿಮಾಡಿದರೆ ಉದುರಿಹೋಗುತ್ತದೆ.

ಮನೆಗೆ ಬಂದ ಮೇಲೆ, ಮೊಟ್ಟೆ ಕಡೆಯುವ ತಂತಿಯ ವಿಸ್ಕ್ ತೆಗೆದುಕೊಂಡು ಕೂದಲು ಬೆಳೆದ ದಿಕ್ಕಿನಲ್ಲೇ ಮೆಲ್ಲಗೆ ಎಳೆಯಿರಿ. ತಮಾಷೆಯಾಗಿ ಕಂಡರೂ, ಉಂಡೆಗಳು ತಂತಿಗೆ ಸಿಕ್ಕಿ ಒಡೆದು ಬೀಳುತ್ತವೆ, ಕೂದಲು ಕೀಳುವುದಿಲ್ಲ. ಜಗ್ಗದವನ್ನು 37 ಡಿಗ್ರಿಯಷ್ಟು ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ಕರಗಿಸಿ. ಬಿಸಿನೀರು ಬೇಡ, ಮರಗಟ್ಟಿದ ಚರ್ಮಕ್ಕೆ ಸುಡುವುದೇ ತಿಳಿಯುವುದಿಲ್ಲ. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಕಡೆ ನಡೆದಿದ್ದರೆ, ಉಂಡೆ ಇರಲಿ ಬಿಡಲಿ, ನಾಯಿ ನೆಕ್ಕುವ ಮುನ್ನವೇ ಪಾದ ತೊಳೆಯಿರಿ.

ಟವೆಲ್ಲಿನಿಂದ ಉಜ್ಜದೆ ಒತ್ತಿ ನೀರು ಹೀರಿಸಿ, ಡ್ರೈಯರನ್ನು ಕಡಿಮೆ ಶಾಖದಲ್ಲಿಟ್ಟು ಒಳಪದರದವರೆಗೂ ಒಣಗಿಸಿ, ಕೊನೆಗೊಮ್ಮೆ ಬಾಚಿ. ಕಂಕುಳಲ್ಲಿ ತೇವ ಉಳಿದರೆ ರಾತ್ರಿ ಕಳೆಯುವಷ್ಟರಲ್ಲಿ ಸಿಕ್ಕುಗಟ್ಟುತ್ತದೆ, ಮರುದಿನದ ಮೊದಲ ಉಂಡೆ ಅಲ್ಲೇ ಹುಟ್ಟುತ್ತದೆ.