ಗೇಮ್ ಆಡಿದ ಮೇಲೆ ಮಗ ತಂಗಿಗೆ ಹೊಡೆಯುತ್ತಾನೆ: ಬದಿಯಡ್ಕದ (ಕೇರಳದ ಕಾಸರಗೋಡು ಜಿಲ್ಲೆ) ತಾಯಿಗೆ ಪ್ರತಿಕ್ರಿಯೆ

ಫೋನ್ ಕಿತ್ತುಕೊಂಡ ಕೂಡಲೇ ಹೊಡೆಯುತ್ತಾನೆ ಎಂದಿದ್ದೀರಿ. ಹಾಗಾದರೆ ಕಾರಣ ಗೇಮ್‌ನ ಗುಂಡಿನ ಸದ್ದಿಗಿಂತ, ಆಟ ಅರ್ಧಕ್ಕೆ ನಿಂತ ಸಿಟ್ಟೇ ಇರಬಹುದು. ನನ್ನ ಕ್ಲಾಸಿನ ಮಕ್ಕಳಲ್ಲೂ ಇದನ್ನೇ ಜಾಸ್ತಿ ಕಂಡಿದ್ದೇನೆ. ಆದರೂ ಮಗುವನ್ನು ನೋಡದೆ ಖಚಿತ ಹೇಳಲಾರೆ.

ಹೊಡೆದಾಟದ ಗೇಮ್ ಮಕ್ಕಳನ್ನು ಹಿಂಸೆಗೆ ತಳ್ಳುತ್ತದೆ ಎಂದು “ಸಂಶೋಧನೆ ಸಾಬೀತು ಮಾಡಿದೆ” ಎಂಬ ಮಾತಿಗೆ ಹೆದರಬೇಡಿ. ಇಂಥ ಎಷ್ಟೋ ಪ್ರಯೋಗಗಳಲ್ಲಿ ಕಾಲೇಜು ವಿದ್ಯಾರ್ಥಿಗಳು ಸ್ವಲ್ಪ ಹೊತ್ತು ಆಡುತ್ತಾರೆ. ಆಮೇಲೆ ಎದುರಾಳಿಗೆ ಎಷ್ಟು ಜೋರು ಶಬ್ದ ಕೇಳಿಸುತ್ತಾರೆ, ಎಷ್ಟು ಖಾರದ ಸಾಸ್ ಬಡಿಸುತ್ತಾರೆ ಎಂಬುದನ್ನೇ ಸಂಶೋಧಕರು ಅವರ ಸಿಟ್ಟಿನ ಅಳತೆ ಎಂದು ತೆಗೆದುಕೊಳ್ಳುತ್ತಾರೆ. ಅದೂ ಜಗಲಿಯಲ್ಲಿ ತಂಗಿಯ ಜಡೆ ಎಳೆಯುವುದೂ ಒಂದೇ ಅಲ್ಲ, ಅಲ್ವಾ? ಮೊದಲೇ ಸಿಟ್ಟಿರುವ ಮಗು ಅಂಥ ಆಟವನ್ನೇ ಆರಿಸಿಕೊಂಡಿರಲೂಬಹುದು. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘವಾದ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ 2020ರಲ್ಲಿ ಹೇಳಿದ್ದು ಇಷ್ಟೇ: ಇಂಥ ಗೇಮ್‌ಗೂ ಕಿರುಚಾಟ, ತಳ್ಳಾಟಕ್ಕೂ ಸಣ್ಣ ಸಂಬಂಧ ಇದೆ, ದೊಡ್ಡ ಹಿಂಸೆಗೆ ಸಾಕಷ್ಟು ಆಧಾರ ಇಲ್ಲ.

ಮೊದಲು 2 ವಾರ ಬರೆದಿಡಿ. ಯಾವ ಆಟ, ಸೋತನೋ ಗೆದ್ದನೋ, ಯಾರು ನಿಲ್ಲಿಸಿದರು, ರಾತ್ರಿ ಎಷ್ಟಕ್ಕೆ ಮಲಗಿದ. ಆಡದ ದಿನ ಹೊಡೆದರೆ ಅದನ್ನೂ ಬರೆಯಿರಿ. ಎಲ್ಲರೂ ಬಿಟ್ಟುಬಿಡುವುದು ಇದನ್ನೇ.

ಜೊತೆಗೇ ಫೋನ್ ಕಸಿಯುವುದನ್ನು ನಿಲ್ಲಿಸಿ. “ಈ ಮ್ಯಾಚ್ ಮುಗಿದ ಮೇಲೆ ಕೊಡಬೇಕು” ಎಂದು ಆಟಕ್ಕೆ ಮೊದಲೇ ಒಪ್ಪಿಸಿ. 18 ವರ್ಷ ಮೇಲ್ಪಟ್ಟವರಿಗೆ ಮಾತ್ರ ಎಂಬ ಗುರುತಿರುವ ಆಟ ಇದ್ದರೆ ತೆಗೆದುಹಾಕಿ, ಅದಕ್ಕೆ ಯಾವ ಸಂಶೋಧನೆಯೂ ಬೇಕಿಲ್ಲ.

ಆಡದ ದಿನವೂ ಹೊಡೆತ ನಡೆದರೆ ಶಾಲೆಯ ಕಡೆ ನೋಡಿ. ಯಾರಾದರೂ ಕಾಡುತ್ತಿದ್ದಾರಾ? ಕನ್ನಡ ಮೀಡಿಯಂ ಕ್ಲಾಸಿಗೆ ಬರೀ ಮಲಯಾಳಂ ಬರುವ ಟೀಚರ್ ಬಂದು, ಪಾಠ ಅರ್ಥವಾಗದೆ ಒದ್ದಾಡುತ್ತಿದ್ದಾನಾ? ಸುಮ್ನೆ ಗದರದೆ ಕೇಳಿ. ಅಲ್ಲೂ ಏನೂ ಸಿಗದಿದ್ದರೆ ಬರೆದಿಟ್ಟ ಪುಸ್ತಕ ಹಿಡಿದು ಮಕ್ಕಳ ಡಾಕ್ಟರ ಹತ್ತಿರ ಹೋಗಿ.