ಹೆಂಡತಿ ಪೋಲೆಂಡಿನವರು, ಊರಿಗೆ ವಾಪಸ್ ಬರಬೇಕು. ಸ್ಪಾನ್ಸರ್ ಮಾಡೋಕೆ ಎಷ್ಟು ಸಂಬಳ ಇರಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥ ಆಗಿದ್ದು ಇಷ್ಟು. ನಿಮ್ಮ ಹತ್ತಿರ ಭಾರತದ ಪಾಸ್‌ಪೋರ್ಟ್ ಇದೆ, ಕೆಲಸ ವಾರ್ಸಾದಲ್ಲಿ, ಹೆಂಡತಿ ಅಲ್ಲಿಯವರು. ಮುಂದಿನ ವರ್ಷ ದಾವಣಗೆರೆಗೆ ವಾಪಸ್ ಬರುವ ಯೋಚನೆ. ಅವರನ್ನು ಸ್ಪಾನ್ಸರ್ ಮಾಡಲು ನಿಮಗೆ ಎಷ್ಟು ಸಂಬಳ ಇರಬೇಕು, ಬ್ಯಾಂಕಿನಲ್ಲಿ ಎಷ್ಟು ದುಡ್ಡು ತೋರಿಸಬೇಕು, ಬಂದ ಮೇಲೆ ಅವರು ಕೆಲಸಕ್ಕೆ ಹೋಗಬಹುದಾ ಅಂತ ಕೇಳಿದ್ದೀರಿ.

ಸಂಬಳದ ಮಾತು ಮೊದಲೇ ಮುಗಿಸಿಬಿಡುತ್ತೇನೆ. ನಮ್ಮ ದೇಶದಲ್ಲಿ ಗಂಡ ಅಥವಾ ಹೆಂಡತಿಯನ್ನು ಕರೆದುಕೊಂಡು ಬರಲು ಇಷ್ಟು ಸಂಬಳ ಇರಲೇಬೇಕು ಅನ್ನುವ ಗೆರೆ ಇಲ್ಲ. ಈ ಲೆಕ್ಕ ಎಲ್ಲಾ ಆ ಕಡೆಯ ದೇಶಗಳದ್ದು. ಬ್ರಿಟನ್‌ನಲ್ಲಿ 2024ರ ಏಪ್ರಿಲ್‌ನಿಂದ ವರ್ಷಕ್ಕೆ 29,000 ಪೌಂಡ್ ದುಡಿಮೆ ತೋರಿಸಬೇಕು. ಅದನ್ನೆಲ್ಲ ಓದಿ ನಮ್ಮಲ್ಲೂ ಹಾಗೇ ಇರಬೇಕು ಅಂದುಕೊಳ್ಳುವುದು ಸಹಜ. ನಾನೂ ಹಾಗೇ ಅಂದುಕೊಂಡು ಆರು ತಿಂಗಳ ಪೇಸ್ಲಿಪ್ ಪ್ರಿಂಟ್ ತೆಗೆದಿಟ್ಟುಕೊಂಡಿದ್ದೆ. ಯಾರೂ ಅದನ್ನು ಮುಟ್ಟಿ ನೋಡಲಿಲ್ಲ.

ಇಲ್ಲಿ ನೋಡುವುದು ಬೇರೆ ಒಂದು ಕಾಗದ. ಮದುವೆ ಸರ್ಟಿಫಿಕೇಟ್. ಅದರಲ್ಲೂ ಎರಡು ಸಂಗತಿ: ಅದರ ಮೇಲಿನ ತಾರೀಖು, ಅದರ ಮೇಲಿನ ಹೆಸರು. ನಾವು ಎರಡರಲ್ಲೂ ಎಡವಿದೆವು, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನು ಮೈಸೂರಿನವಳು. ನಮ್ಮವರು ಡಚ್ಚರು. ಐಂಡ್‌ಹೋವನ್‌ನಲ್ಲಿ ಕೆಲಸ ಮಾಡುವಾಗ ಪರಿಚಯ. 2016ರ ಮೇ ತಿಂಗಳಲ್ಲಿ ಮೈಸೂರಿನ ಒಂದು ಛತ್ರದಲ್ಲಿ ಮದುವೆ ಆಯಿತು. ಧಾರೆ, ಸಪ್ತಪದಿ, ಬಾಳೆ ಎಲೆ ಊಟ, ಎಲ್ಲಾ ಆಯಿತು. ಆಗದೇ ಇದ್ದದ್ದು ಒಂದೇ, ರಿಜಿಸ್ಟ್ರೇಷನ್. ನನಗೆ ಅಲ್ಲಿ ನನ್ನದೇ ಕೆಲಸದ ಪರ್ಮಿಟ್ ಇತ್ತು, ಯಾರೂ ಸರ್ಟಿಫಿಕೇಟ್ ಕೇಳಲಿಲ್ಲ. ಮಾಡಿಸೋಣ ಮಾಡಿಸೋಣ ಅಂತ ಎರಡೂವರೆ ವರ್ಷ ಹೋಯಿತು. ಊರಿಗೆ ಬರುವುದು ಗಟ್ಟಿ ಆದ ಮೇಲೆ, 2018ರ ನವೆಂಬರ್‌ನಲ್ಲಿ, ಐಂಡ್‌ಹೋವನ್ ನಗರಸಭೆಗೆ ಹೋಗಿ ಕಾನೂನಿನ ಪ್ರಕಾರ ಮದುವೆ ಆದೆವು. 2019ರ ಜುಲೈನಲ್ಲಿ ಮೈಸೂರಿಗೆ ಬಂದೆವು.

ಛತ್ರದ ಮದುವೆ ಲೆಕ್ಕಕ್ಕೆ ಬರಲ್ವಾ ಅಂತ ಅಪ್ಪ ಬೇಜಾರು ಮಾಡಿಕೊಂಡರು. ಬರಲ್ಲ. 1955ರ ಹಿಂದೂ ವಿವಾಹ ಕಾಯ್ದೆ ಇಬ್ಬರೂ ಹಿಂದೂಗಳಾಗಿದ್ದರೆ ಮಾತ್ರ. ಒಬ್ಬರು ಬೇರೆ ಧರ್ಮದವರಾದರೆ ಎಷ್ಟು ಸುತ್ತು ಬೆಂಕಿ ಸುತ್ತಿದರೂ ಕಾನೂನಿಗೆ ಅದು ಮದುವೆ ಅಲ್ಲ. ಅಂಥವರಿಗೆ ಇಲ್ಲಿ ಇರುವ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ಅದಕ್ಕೆ ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ 30 ದಿನವಾದರೂ ಇದ್ದಿರಬೇಕು, ನೋಟಿಸ್ ಕೊಟ್ಟು ಇನ್ನೂ 30 ದಿನ ಕಾಯಬೇಕು, ಮೂರು ಜನ ಸಾಕ್ಷಿ ಬೇಕು. ಎರಡು ವಾರದ ರಜೆ ಹಾಕಿ ಬಂದವರಿಂದ ಆಗುವ ಕೆಲಸ ಅಲ್ಲ. ಹಾಗಾಗಿ ನಿಮ್ಮದು ಇನ್ನೂ ರಿಜಿಸ್ಟರ್ ಆಗಿಲ್ಲ ಅಂದರೆ ಅಲ್ಲೇ ಮಾಡಿಸಿಬಿಡಿ. ಅಲ್ಲಿಯ ಸರ್ಟಿಫಿಕೇಟಿಗೆ ಅಪೊಸ್ಟಿಲ್ ಮುದ್ರೆಯನ್ನೂ, ಅಂದರೆ ಕಾಗದ ಅಸಲಿ ಅಂತ ಬೇರೆ ದೇಶದವರು ಒಪ್ಪಲು ಹಾಕುವ ಸರ್ಕಾರಿ ಮುದ್ರೆಯನ್ನೂ, ಅಲ್ಲೇ ಹಾಕಿಸಿ. ಇಲ್ಲಿಗೆ ಬಂದ ಮೇಲೆ ಅದನ್ನು ಹಾಕಿಸೋಕೆ ಆಗಲ್ಲ, ಕಾಗದ ಮತ್ತೆ ಪೋಲೆಂಡಿಗೇ ಹೋಗಬೇಕಾಗುತ್ತೆ. ಪೋಲಿಷ್ ಭಾಷೆಯಲ್ಲಿದ್ದರೆ ಇಂಗ್ಲಿಷ್ ಅನುವಾದವೂ ಜೊತೆಗಿರಲಿ.

ಈಗ ತಾರೀಖು ಯಾಕೆ ಮುಖ್ಯ ಅಂತ ಹೇಳುತ್ತೇನೆ. ನಿಮ್ಮ ಹೆಂಡತಿಗೆ ಇರುವುದು ಎರಡು ದಾರಿ.

ಒಂದು ಎಕ್ಸ್ ವೀಸಾ, ಅಂದರೆ ಎಂಟ್ರಿ ವೀಸಾ. ಭಾರತದ ಪ್ರಜೆಯ ಗಂಡ ಅಥವಾ ಹೆಂಡತಿ ಅನ್ನುವ ಕಾರಣಕ್ಕೇ ಕೊಡುತ್ತಾರೆ. ಮದುವೆ ಆಗಿ ಮಾರನೇ ದಿನವೇ ಅರ್ಜಿ ಹಾಕಬಹುದು. ನಿಮ್ಮ ಪಾಸ್‌ಪೋರ್ಟ್ ಪ್ರತಿ, ಮದುವೆ ಸರ್ಟಿಫಿಕೇಟ್, ನೀವು ಬರೆದ ಒಂದು ಪತ್ರ, ಇಲ್ಲಿಯ ವಿಳಾಸ. ಫಾರಂನಲ್ಲಿ ಭಾರತದಲ್ಲಿ ನಿಮ್ಮನ್ನು ಬಲ್ಲವರು ಯಾರು ಅಂತ ಒಂದು ಕಾಲಂ ಇರುತ್ತೆ. ನಾವು ಅಪ್ಪನ ಹೆಸರು, ಫೋನ್ ನಂಬರ್ ಹಾಕಿದೆವು. ಸ್ಪಾನ್ಸರ್ ಅಂತ ನೀವು ಹೇಳುವುದಕ್ಕೆ ನಮ್ಮಲ್ಲಿ ಹತ್ತಿರದ್ದು ಅಂದರೆ ಇದೇ. ಆದರೆ ಈ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ.

ಇನ್ನೊಂದು ಓಸಿಐ ಕಾರ್ಡು, ಅಂದರೆ ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ. ಇದು ಸಿಕ್ಕಿದರೆ ಜೀವನಪೂರ್ತಿ ಬಂದು ಹೋಗಬಹುದು, ಕೆಲಸಕ್ಕೆ ಸೇರಬಹುದು, ಪೊಲೀಸು, ರಿಜಿಸ್ಟ್ರೇಷನ್ ಅಂತ ಅಲೆಯುವುದೂ ತಪ್ಪುತ್ತೆ. ಆದರೆ ಪೌರತ್ವ ಕಾಯ್ದೆಯ 7ಎ ಕಲಮು ಹೇಳುವುದು ಹೀಗೆ: ಮದುವೆ ರಿಜಿಸ್ಟರ್ ಆಗಿರಬೇಕು, ಮತ್ತು ಅರ್ಜಿ ಹಾಕುವ ಹೊತ್ತಿಗೆ ಕನಿಷ್ಠ ಎರಡು ವರ್ಷ ಆ ಮದುವೆ ಎಡೆಬಿಡದೆ ನಡೆದುಕೊಂಡು ಬಂದಿರಬೇಕು. ನಮ್ಮ ಗಡಿಯಾರ ಶುರುವಾದದ್ದು 2018ರ ನವೆಂಬರ್‌ಗೆ. 2016ರಲ್ಲೇ ಮಾಡಿಸಿದ್ದರೆ ಊರಿಗೆ ಬರುವ ಮೊದಲೇ ಹೇಗ್‌ನಲ್ಲಿರುವ ನಮ್ಮ ರಾಯಭಾರ ಕಚೇರಿಯಲ್ಲಿ ಓಸಿಐಗೆ ಅರ್ಜಿ ಹಾಕಿ, ಕಾರ್ಡು ಜೇಬಿನಲ್ಲಿಟ್ಟುಕೊಂಡೇ ವಿಮಾನ ಹತ್ತಬಹುದಿತ್ತು. ಹಾಗೆ ಮಾಡದೆ, ಎಂಜಿನಿಯರ್ ಆಗಿದ್ದ ಮನುಷ್ಯ ಎಕ್ಸ್ ವೀಸಾದಲ್ಲಿ ಬಂದು ಸುಮಾರು ಎರಡು ವರ್ಷ ಮಾವನ ಮನೆಯಲ್ಲಿ ಕೂತರು.

ಕೂತರು ಅಂದರೆ ಸುಮ್ನೆ ಕೂರಲಿಲ್ಲ. ಒಂಟಿಕೊಪ್ಪಲಿನ ನಮ್ಮ ಬೀದಿಯ ಮಕ್ಕಳ ಸೈಕಲ್ಲುಗಳೆಲ್ಲ ಅವರ ಕೈಯಲ್ಲೇ ರಿಪೇರಿ ಆದವು. ಚೈನು, ಬ್ರೇಕು, ಪಂಕ್ಚರು. ಯಾರಾದರೂ ದುಡ್ಡು ಕೊಡಲು ಬಂದರೆ ಗಾಬರಿಯಿಂದ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು "ಬೇಡ, ಎಕ್ಸ್ ವೀಸಾ" ಅನ್ನುತ್ತಿದ್ದರು. ಎಕ್ಸ್ ವೀಸಾ ಅಂದರೆ ಏನೋ ವ್ರತ ಇರಬೇಕು ಅಂತ ಎದುರುಮನೆ ಅಜ್ಜಿ ಬಹಳ ದಿನ ನಂಬಿದ್ದರು. ಇದೆಲ್ಲ ಈಗ ನಗು ಬರುತ್ತೆ. ಆಗ ಮನೆಯಲ್ಲಿ ಒಂದೇ ಸಂಬಳ, ಅದೂ ನನ್ನದು. ರಾತ್ರಿ ಹೊತ್ತು ಮಾತು ಬೇರೆ ಥರ ಇರುತ್ತಿತ್ತು.

ಹೆಸರಿನ ತಕರಾರು ನಿಮಗೂ ಬರಬಹುದು, ಯಾಕಂದರೆ ನೀವೂ ನಮ್ಮ ಕಡೆಯವರೇ. ನಮ್ಮಲ್ಲಿ ಎಷ್ಟೋ ಜನಕ್ಕೆ ಮನೆತನದ ಹೆಸರು ಅಂತ ಇರಲ್ಲ, ಇನಿಷಿಯಲ್ ಇರುತ್ತೆ. ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಹಿಂದೆ ಊರಿನದೊಂದು, ಅಪ್ಪನದೊಂದು ಅಕ್ಷರ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗಕ್ಕೆ ಅಪ್ಪನ ಪೂರ್ತಿ ಹೆಸರು. ಆಧಾರ್‌ನಲ್ಲಿ ಹೆಸರಿನ ಮುಂದೆ ಒಂದೇ ಅಕ್ಷರ. ಐಂಡ್‌ಹೋವನ್‌ನವರು ಪಾಸ್‌ಪೋರ್ಟ್ ನೋಡಿ ಅಪ್ಪನ ಹೆಸರನ್ನೇ ನನ್ನ ಮನೆತನ ಅಂತ ಬರೆದರು. ಅಂದರೆ ಮದುವೆ ಸರ್ಟಿಫಿಕೇಟಿನ ಹೆಂಗಸು ಒಬ್ಬಳು, ಆಧಾರ್‌ನ ಹೆಂಗಸು ಇನ್ನೊಬ್ಬಳು. ವೀಸಾ ವಿಸ್ತರಣೆಗೆ ವಿಳಾಸದ ದಾಖಲೆ ಅಂತ ಆಧಾರ್ ಹಾಕಿದಾಗ ಅರ್ಜಿ ಎರಡು ಸಲ ವಾಪಸ್ ಬಂತು. ತಪ್ಪು ಅವರದ್ದಲ್ಲ. ಆಮೇಲೆ ಆಧಾರ್‌ನಲ್ಲಿ ಹೆಸರು ತಿದ್ದಿಸಿ, ಇವರೆಲ್ಲ ಒಬ್ಬಳೇ ಅಂತ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ, ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು ಸೇರಿಸಿಕೊಂಡೆ. ಈ ಕೊನೇದನ್ನು ನೀವು ವಾರ್ಸಾದಲ್ಲಿ ಇರುವಾಗಲೇ ಮಾಡಿಸಿಕೊಳ್ಳಿ. ಮುಂದೆ ಎಲ್ಲಾ ಕಡೆ ಕೆಲಸಕ್ಕೆ ಬರುತ್ತೆ.

ಬಂದ ಮೇಲಿನ ಮೊದಲ ಕೆಲಸ ಎಫ್‌ಆರ್‌ಆರ್‌ಓ ರಿಜಿಸ್ಟ್ರೇಷನ್, ಅಂದರೆ ಪರದೇಶದವರ ಲೆಕ್ಕ ಇಡುವ ಸರ್ಕಾರಿ ಕಚೇರಿಯಲ್ಲಿ ಹೆಸರು ಬರೆಸುವುದು. 180 ದಿನಕ್ಕಿಂತ ಜಾಸ್ತಿ ಅವಧಿಯ ವೀಸಾ ಆದರೆ ಬಂದಿಳಿದ 14 ದಿನದ ಒಳಗೆ ಮಾಡಿಸಬೇಕು. 2018ರಿಂದ ಎಲ್ಲಾ ಆನ್‌ಲೈನ್, ಇ-ಎಫ್‌ಆರ್‌ಆರ್‌ಓ ಅಂತ ಪೋರ್ಟಲ್ ಇದೆ. ದಾವಣಗೆರೆಯಿಂದ ಬೆಂಗಳೂರಿಗೆ ಓಡಬೇಕಾಗಿಲ್ಲ, ಕರೆದರೆ ಮಾತ್ರ ಹೋದರಾಯಿತು. ಇದರ ಜೊತೆಗೆ ಮನೆಯವರು ತಮ್ಮಲ್ಲಿ ಪರದೇಶದವರು ಉಳಿದುಕೊಂಡಿದ್ದಾರೆ ಅಂತ 24 ಗಂಟೆಯೊಳಗೆ ತಿಳಿಸಬೇಕು. ನಾವು ಬಂದಾಗ ಅದಕ್ಕೆ ಫಾರಂ ಸಿ ಅನ್ನುತ್ತಿದ್ದರು. ಅದು ಹೋಟೆಲಿನವರಿಗೆ ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ. ಅಳಿಯನೋ ಸೊಸೆಯೋ ಆದರೂ ತಿಳಿಸಲೇಬೇಕು. 2025ರ ಸೆಪ್ಟೆಂಬರ್ 1ರಿಂದ ಹಳೇ ಕಾಯ್ದೆಗಳು ಹೋಗಿ ಇಮಿಗ್ರೇಷನ್ ಅಂಡ್ ಫಾರಿನರ್ಸ್ ಆಕ್ಟ್ 2025 ಬಂದಿದೆ. ಹಾಗಾಗಿ ಫಾರಂಗಳನ್ನು ನನ್ನ ಮಾತಿನ ಮೇಲೆ ತುಂಬಬೇಡಿ, ಪೋರ್ಟಲ್ಲಿನಲ್ಲಿ ಆವತ್ತು ಏನಿದೆಯೋ ಅದನ್ನು ತುಂಬಿ.

ಓಸಿಐಗೆ ನಾವು 2020ರ ಡಿಸೆಂಬರ್‌ನಲ್ಲಿ ಇಲ್ಲಿಂದಲೇ ಅರ್ಜಿ ಹಾಕಿದೆವು. ಇಲ್ಲಿ ಶುಲ್ಕ 15,000 ರೂಪಾಯಿ, ಹೊರಗಡೆ 275 ಡಾಲರ್ ಲೆಕ್ಕ. ಗಂಡ ಹೆಂಡತಿ ಅನ್ನುವ ಆಧಾರದ ಅರ್ಜಿಗೆ ಭದ್ರತಾ ತಪಾಸಣೆ ಆಗಲೇಬೇಕು, ಅದಕ್ಕೇ ಸಮಯ ಹಿಡಿಯುವುದು. ಒಂದು ದಿನ ಠಾಣೆಯಿಂದ ಪೇದೆ ಒಬ್ಬರು ಬಂದರು. ಒಳ್ಳೇ ಮನುಷ್ಯ. ಅಮ್ಮ ಕೊಟ್ಟ ಕಾಫಿ ಕುಡಿಯುತ್ತಾ ಹೆಸರು ಬರೆದುಕೊಂಡರು. ನಮ್ಮವರ ಹೆಸರಿನ ನಡುವೆ "ವಾನ್ ಡೆನ್" ಅಂತ ಬರುತ್ತೆ. ಪೇದೆ ಅದನ್ನು ಕೇಳಿ ತಲೆಯಾಡಿಸಿ, ನೀಟಾಗಿ "ವಿ. ಡಿ." ಅಂತ ಬರೆದರು. ಇನಿಷಿಯಲ್ ಅಂದುಕೊಂಡಿದ್ದರು. ನನ್ನ ಇನಿಷಿಯಲ್ಲನ್ನು ಡಚ್ಚರು ಬಿಡಿಸಿ ಬರೆದರು, ನಮ್ಮವರ ಹೆಸರನ್ನು ಇಲ್ಲಿಯ ಪೇದೆ ಇನಿಷಿಯಲ್ ಮಾಡಿದರು! ಅಪ್ಪ ಪಕ್ಕದಲ್ಲಿ ಕೂತು ಪಾಸ್‌ಪೋರ್ಟ್ ನೋಡಿಕೊಂಡು ಒಂದೊಂದೇ ಅಕ್ಷರ ಹೇಳಿ ಮತ್ತೆ ಬರೆಸಿದರು. ಯಾರೇ ಬಂದು ಬರೆದುಕೊಂಡರೂ ಏನು ಬರೆದರು ಅಂತ ನೋಡಿಯೇ ಕಳಿಸಿ.

ಆಮೇಲೆ ಬೆಂಗಳೂರಿಗೆ ಕರೆದರು. ಶಾಂತಿನಗರ ಬಸ್ ಸ್ಟ್ಯಾಂಡ್ ಕಟ್ಟಡದಲ್ಲಿ ಮೇಲೆ ಎಫ್‌ಆರ್‌ಆರ್‌ಓ ಕಚೇರಿ. ಇಬ್ಬರೂ ಹೋಗಬೇಕು. ಮದುವೆ ನಿಜವಾದದ್ದಾ ಅಂತ ನೋಡುವುದು ಅವರ ಕೆಲಸ. ಹೇಗೆ ಪರಿಚಯ, ಮನೆಯಲ್ಲಿ ಯಾರ್‍ಯಾರಿದ್ದಾರೆ ಅಂತ ಕೇಳಿದರು. ಛತ್ರದ ಮದುವೆಯ ಫೋಟೋ, ಲಗ್ನಪತ್ರಿಕೆ ಕೊನೆಗೂ ಉಪಯೋಗಕ್ಕೆ ಬಂದದ್ದು ಅಲ್ಲಿ. ಅಪ್ಪನಿಗೆ ಫೋನ್ ಮಾಡಿ ಅದನ್ನೇ ಮೊದಲು ಹೇಳಿದೆ. 2021ರ ಮೇ ತಿಂಗಳಲ್ಲಿ ಕಾರ್ಡು ಬಂತು.

ನಿಮ್ಮ ಹೆಂಡತಿಗೆ ಒಂದು ವಿಷಯ ನೀವೇ ಹೇಳಬೇಕು. ಈ ಕಾರ್ಡು ನಿಂತಿರುವುದು ಮದುವೆಯ ಮೇಲೆ. ನಾಳೆ ಕೋರ್ಟಿನಲ್ಲಿ ವಿಚ್ಛೇದನ ಆದರೆ ಓಸಿಐ ರದ್ದು ಮಾಡಬಹುದು ಅಂತ ಕಾಯ್ದೆಯಲ್ಲೇ ಇದೆ. ತನ್ನ ಊರು, ಕೆಲಸ ಬಿಟ್ಟು ಬರುವವರಿಗೆ ಇದು ಗೊತ್ತಿರಬೇಕು ಅಲ್ವಾ? ನಾನು ನಮ್ಮವರಿಗೆ ಹೇಳಿರಲಿಲ್ಲ. ಅವರೇ ಓದಿಕೊಂಡು ಎರಡು ದಿನ ಮಾತು ಬಿಟ್ಟಿದ್ದರು.

ಪೌರತ್ವ ಬೇಕಾದರೆ ಭಾರತೀಯರನ್ನು ಮದುವೆಯಾದವರು ಏಳು ವರ್ಷ ಇಲ್ಲಿ ವಾಸ ಮಾಡಿದ ಮೇಲೆ ಅರ್ಜಿ ಹಾಕಬಹುದು. ಆದರೆ ಪೋಲೆಂಡಿನ ಪಾಸ್‌ಪೋರ್ಟ್ ಬಿಡಬೇಕು, ನಮ್ಮಲ್ಲಿ ಎರಡು ಪೌರತ್ವ ಇಲ್ಲ. ಓಸಿಐ ಇದ್ದವರು ವೋಟು ಹಾಕುವ ಹಾಗಿಲ್ಲ. ಹೊಲ, ತೋಟ ಕೊಳ್ಳುವ ಹಾಗೂ ಇಲ್ಲ. ಕರ್ನಾಟಕದಲ್ಲಿ 2020ರ ತಿದ್ದುಪಡಿ ಆದ ಮೇಲೆ ರೈತರಲ್ಲದವರೂ ಜಮೀನು ಕೊಳ್ಳಬಹುದು ಅಂತ ಕೇಳಿ ನಮ್ಮವರು ಹುಣಸೂರಿನ ಕಡೆ ಒಂದು ತೋಟ ನೋಡಿಕೊಂಡು ಬಂದಿದ್ದರು. ಆ ಸಡಿಲಿಕೆ ಓಸಿಐಯವರಿಗೆ ಅನ್ವಯ ಆಗಲ್ಲ. ಮನೆ, ಸೈಟು ಆದರೆ ತೊಂದರೆ ಇಲ್ಲ.

ಚಿಲ್ಲರೆ ವಿಷಯಗಳು: ಆಧಾರ್ ಮಾಡಿಸಲು ನಿಮ್ಮ ಹೆಂಡತಿ ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿ ಇದ್ದಿರಬೇಕು, ಬಂದ ಕೂಡಲೇ ಆಗಲ್ಲ. ಅಲ್ಲಿಯ ಬಾಡಿಗೆ, ಬಡ್ಡಿ ಏನಾದರೂ ಬರುತ್ತಿದ್ದರೆ ಬರುವ ಮೊದಲೇ ತೆರಿಗೆ ಬಗ್ಗೆ ಒಬ್ಬ ಸಿಎ ಹತ್ತಿರ ಮಾತಾಡಿ.

ಅಂದಹಾಗೆ, ನೀವೇ ಪೋಲೆಂಡಿನ ಪೌರತ್ವ ತಗೊಂಡಿದ್ದರೆ ಕಥೆ ಬೇರೆ. ಮೊದಲು ನಿಮಗೇ ಓಸಿಐ ಆಗಬೇಕು, ಆಮೇಲೆ ಅವರಿಗೆ. ಎರಡು ವರ್ಷದ ನಿಯಮ ಆಗಲೂ ಅದೇ.

ಇವತ್ತೇ ಸರ್ಟಿಫಿಕೇಟ್ ತೆಗೆದು ತಾರೀಖು ನೋಡಿ. ಎರಡು ವರ್ಷ ಆಗಿದ್ದರೆ ಎಕ್ಸ್ ವೀಸಾ ಬಿಟ್ಟು ವಾರ್ಸಾದಲ್ಲೇ ಓಸಿಐಗೆ ಹಾಕಿ, ಕಾರ್ಡು ಬಂದ ಮೇಲೆ ಟಿಕೆಟ್ ಮಾಡಿಸಿ. ಇನ್ನೂ ನಾಲ್ಕೈದು ತಿಂಗಳು ಬಾಕಿ ಇದ್ದರೆ, ನಾನಾಗಿದ್ದರೆ ಕೆಲಸ ಬಿಡುವುದನ್ನೇ ಮುಂದಕ್ಕೆ ಹಾಕುತ್ತಿದ್ದೆ. ಫೋಟೋ ಮಾತ್ರ 2 ಇಂಚಿಗೆ 2 ಇಂಚು, ಚೌಕವಾಗಿ ತೆಗೆಸಿ. ನಮ್ಮ ಬೀದಿಯ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಸೈಜ್ ಅಂತ ಕೊಟ್ಟ ಎಂಟು ಫೋಟೋ ಇನ್ನೂ ಡ್ರಾಯರಿನಲ್ಲೇ ಇವೆ.