ನೆಲೆಯ ಶಾಲೆ ಊರಿನ ಕೈಗೆ ಬಂದರೆ?

ಪ್ರಶ್ನೆ: ಮೇಡಂ, ನನ್ನ ಅಳಿಯ ವಾಯುಪಡೆಯಲ್ಲಿದ್ದಾರೆ. ಮೊಮ್ಮಗಳು ಐದನೇ ಕ್ಲಾಸಿಗೆ ಬರುವಷ್ಟರಲ್ಲಿ ಮೂರು ಊರಿನ ಶಾಲೆ ನೋಡಿದ್ದಾಳೆ. ಅಮೆರಿಕದಲ್ಲಿ ಸೇನಾ ನೆಲೆಯೊಳಗಿನ ಶಾಲೆಗಳನ್ನು ಊರಿನ ಶಾಲಾ ಮಂಡಳಿಗೆ ಒಪ್ಪಿಸುವ ಮಾತು ಬಂದಿತ್ತಂತೆ. ಅದು ಒಳ್ಳೆಯದೇ ಅಲ್ವಾ?
— ಓದುಗರೊಬ್ಬರು, ಬೀದರ್

ಉತ್ತರ: ಸುಮ್ನೆ ಒಪ್ಪಿಸಿಬಿಟ್ಟರೆ ಒಳ್ಳೆಯದಲ್ಲ. ಶಾಲೆಯ ಜತೆ ದುಡ್ಡೂ ಬರಬೇಕು.

ಅಲ್ಲಿ ಶಾಲೆಗೆ ಊರಿನವರು ಕೊಡುವ ಪಾಲು ಹೆಚ್ಚಾಗಿ ಮನೆ, ಜಮೀನಿನ ತೆರಿಗೆಯಿಂದ ಬರುತ್ತದೆ. ನೆಲೆಯ ಜಮೀನಿಗೆ ಆ ತೆರಿಗೆ ಇಲ್ಲ. ಮಕ್ಕಳು ಬರುತ್ತಾರೆ, ತೆರಿಗೆ ಬರುವುದಿಲ್ಲ. ಆ ಕೊರತೆ ತುಂಬಲೆಂದೇ 1950ರಲ್ಲಿ ‘ಇಂಪ್ಯಾಕ್ಟ್ ಏಡ್’ ಎಂಬ ಕೇಂದ್ರದ ನೆರವು ಶುರುವಾಯಿತು. ಅದೂ ಪೂರ್ತಿ ಸಿಗುವುದಿಲ್ಲ. ಟೆಕ್ಸಾಸ್‌ನ ಫೋರ್ಟ್ ಹುಡ್‌ನಲ್ಲಿ ನೆಲೆಯೊಳಗಿನ ಶಾಲೆಗಳನ್ನೂ ಪಕ್ಕದ ಕಿಲೀನ್ ಊರಿನ ಮಂಡಳಿಯೇ ನಡೆಸುತ್ತದೆ, ಹಾಗಾಗಿ ಆಗದ ಕೆಲಸವೇನಲ್ಲ. ಆದರೆ ರಕ್ಷಣಾ ಇಲಾಖೆಯೇ ನಡೆಸುವ ಶಾಲೆಗಳ ಮಕ್ಕಳು 2022ರ ರಾಷ್ಟ್ರೀಯ ಪರೀಕ್ಷೆಯಲ್ಲಿ ಓದು, ಗಣಿತ ಎರಡರಲ್ಲೂ ಎಲ್ಲ ರಾಜ್ಯಗಳಿಗಿಂತ ಮುಂದಿದ್ದರು. ಚೆನ್ನಾಗಿ ನಡೆಯುತ್ತಿರುವುದನ್ನು ಬರೀ ಖರ್ಚು ಉಳಿಸಲು ಕೈ ಬದಲಾಯಿಸುವುದು ನನಗೆ ಒಪ್ಪಿಗೆಯಿಲ್ಲ.

ನಮ್ಮಲ್ಲೂ ಶಾಲೆಗಳು ಕೈ ಬದಲಾಯಿಸಿವೆ. 1963ರಲ್ಲಿ ಸೇನೆಯ 20 ರೆಜಿಮೆಂಟ್ ಶಾಲೆಗಳನ್ನು ಕೇಂದ್ರ ಶಿಕ್ಷಣ ಇಲಾಖೆ ವಹಿಸಿಕೊಂಡಿತು. ಅವೇ ಮೊದಲ ಕೇಂದ್ರೀಯ ವಿದ್ಯಾಲಯಗಳು. ಊರಿಗೆ ಕೊಡದೆ ಕೇಂದ್ರವೇ ಇಟ್ಟುಕೊಂಡಿದ್ದರಿಂದ ಎಲ್ಲಿಗೆ ವರ್ಗವಾದರೂ ಒಂದೇ ಪಾಠ.

ಅದರ ಬೆಲೆ ನನಗೆ ಗೊತ್ತಾಗಿದ್ದು ಬೀದರಿನ ಕ್ಲಾಸ್‌ರೂಮಿನಲ್ಲಿ. ವಿಮಾನ ತಲೆ ಮೇಲೆ ಹಾದಾಗ ಸೀಮೆಸುಣ್ಣ ಹಿಡಿದು ಸುಮ್ಮನೆ ನಿಲ್ಲುತ್ತಿದ್ದೆ, ಸದ್ದು ಇಳಿದ ಮೇಲೆ ಪಾಠ. ಒಂದು ವರ್ಷ ಅಕ್ಟೋಬರಿನಲ್ಲಿ ಒಬ್ಬ ಹುಡುಗಿ ಬಂದಳು. ಪ್ಲಾಸ್ಟಿಕ್ ಕವರಿನಲ್ಲಿ ನಾಲ್ಕು ಟಿಸಿ. ಭಿನ್ನರಾಶಿ ಮೂರು ಶಾಲೆಯಲ್ಲಿ ಕಲಿತಿದ್ದಳು, ದಶಮಾಂಶ ಒಂದರಲ್ಲೂ ಇಲ್ಲ. ಅವಳು ಹೋದಲ್ಲೆಲ್ಲ ಆ ಪಾಠ ಆಗಲೇ ಮುಗಿದಿರುತ್ತಿತ್ತು. ಬೋರ್ಡಿನ ಮೇಲೆ 0.5 ಬರೆದರೆ ಚುಕ್ಕಿಯನ್ನು ಬೆರಳಿನಿಂದ ಒರೆಸಿಬಿಟ್ಟಳು, ಧೂಳು ಅಂದುಕೊಂಡು.

ನಿಮ್ಮ ಮೊಮ್ಮಗಳ ಹಳೆಯ ಗಣಿತದ ನೋಟ್‌ಬುಕ್ ರದ್ದಿಗೆ ಹಾಕಬೇಡಿ. ಯಾವ ಪಾಠ ಆಗಿದೆ, ಯಾವುದು ಬಿಟ್ಟಿದೆ ಅಂತ ಒಂದು ಹಾಳೆಯಲ್ಲಿ ಬರೆದು ಹೊಸ ಟೀಚರಿಗೆ ಮೊದಲ ದಿನವೇ ಕೊಡಿ.